ಬ್ಯಾಡಗಿ ಸೀಮೆಯಲ್ಲಿ ಜೋಳದ ಪಾಳಿ

ಅರಸೀಕೆರೆಯಲ್ಲಿ ರೈಲು ಹತ್ತುವಾಗ ನನ್ನ ಕೈಯಲ್ಲಿ ಒಂದು ಬ್ಯಾಗು, ಒಂದು ಬೆಲ್ಲದ ಗಂಟು, ತಲೆಯ ತುಂಬ ನಂಜೇಗೌಡನ ಮೇಲಿನ ಸಿಟ್ಟು. ನಂಜೇಗೌಡ ಅಂದರೆ ಮದ್ದೂರು ಕಡೆಯ ನಮ್ಮೂರಿನಲ್ಲಿ ನಮ್ಮ ಗದ್ದೆಯ ಬದುವಿನ ಆಚೆ ಕಬ್ಬು ಬೆಳೆಯುವ ಮಹಾನುಭಾವ. ನಾವೂ ಕಬ್ಬು, ಅವನೂ ಕಬ್ಬು. ಕಡಿದ ಮೇಲೆ ಅದೇ ಬುಡದಿಂದ ಚಿಗುರುವ ಕೂಳೆ, ಕೂಳೆಯ ಮೇಲೆ ಮತ್ತೆ ಕೂಳೆ. ನಮಗೆ ನೀರು ಬೇಕಾದ ದಿನವೇ ಅವನಿಗೂ ನೀರು ಬೇಕು. ನಮಗೆ ಕಡಿಯುವ ಆಳು ಬೇಕಾದ ವಾರವೇ ಅವನಿಗೂ ಆಳು ಬೇಕು. ಹೊರಡುವ ಹಿಂದಿನ ದಿನ ನಾಲೆಯ ತೂಬಿನ ಹತ್ತಿರ ಅವನಿಗೂ ನನಗೂ ಆದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅದನ್ನು ಕೇಳಿದ ನಮ್ಮ ಯಜಮಾನರು, ನಾಲ್ಕು ದಿನ ತಮ್ಮನ ಮನೆಗಾದರೂ ಹೋಗಿ ಬಾ ತಾಯಿ, ಊರಿಗೇ ಸ್ವಲ್ಪ ನೆಮ್ಮದಿಯಾಗಲಿ ಎಂದರು. ನಾನೂ ಸರಿ ಎಂದು ಹೊರಟೆ.

ತಮ್ಮ ಪುಟ್ಟಸ್ವಾಮಿ ದನದ ಡಾಕ್ಟರು. ಆಗ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಆಸ್ಪತ್ರೆಗೆ ವರ್ಗವಾಗಿ, ಹೆಂಡತಿಯ ಕೆಲಸದ ಕಾರಣಕ್ಕೆ ಹಾವೇರಿಯಲ್ಲಿ ಮನೆ ಮಾಡಿದ್ದ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು, ರೈಲು ಇನ್ನೂ ಮೀಟರ್ ಗೇಜಿನ ಮೇಲೆ ತೂಗಾಡುತ್ತ ಹೋಗುತ್ತಿತ್ತು. ಕಡೂರು, ಬೀರೂರು, ಚಿಕ್ಕಜಾಜೂರು, ದಾವಣಗೆರೆ, ಎಲ್ಲ ಕಡೆಯೂ ನಿಂತು ಮಾತಾಡಿಸಿಕೊಂಡು ಹೋಗುವ ಪ್ಯಾಸೆಂಜರ್ ಗಾಡಿ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದ ಮೇಲೆ ಕಿಟಕಿಯಿಂದ ಕಂಡ ನೆಲ ನನಗೆ ಹೊಸದು. ಮಳೆ ಬಿದ್ದು ಹರಗಿದ ಕಪ್ಪು ಹೊಲ, ಅದರ ಪಕ್ಕದಲ್ಲಿ ಮೊಳಕೆಯೊಡೆದ ಹಸಿರು ಹೊಲ, ಅದರಾಚೆ ಕುರಿ ಹಿಂಡು ಕೂತ ಹೊಲ. ಒಂದರ ಹಾಗೆ ಇನ್ನೊಂದಿಲ್ಲ. ನಮ್ಮ ಕಡೆ ಕಣ್ಣು ಹಾಯಿಸಿದಷ್ಟೂ ಕಬ್ಬು ಕಂಡರೆ ಅದೇ ಸಿರಿ ಎಂದುಕೊಂಡಿದ್ದವಳು ನಾನು.

ಎದುರಿಗೆ ಕೂತಿದ್ದ ರಾಣೆಬೆನ್ನೂರಿನ ಹೆಂಗಸೊಬ್ಬರು ನಮ್ಮ ಕಡೆ ಏನು ಪೀಕು ಎಂದು ಕೇಳಿದರು. ಆ ಕಡೆ ಬೆಳೆಗೆ ಪೀಕು ಅನ್ನುತ್ತಾರೆ. ಕಬ್ಬು ಎಂದೆ. ಅದಾದ ಮೇಲೆ ಎಂದರು. ಕಬ್ಬು ಎಂದೆ. ಅದಾದ ಮೇಲೆ ಎಂದು ಮತ್ತೆ ಕೇಳಿದಾಗ ನಾನು ಕಿಟಕಿಯ ಕಡೆ ತಿರುಗಿದೆ. ಆಕೆ ಎಲೆ ಅಡಿಕೆಯ ಚೀಲ ಬಿಚ್ಚುತ್ತ ನಕ್ಕರು.

"ದಿನಾ ಹೋಳಿಗಿ ಉಂಡ್ರ ಬಾಯಿ ಕೆಡ್ತೈತ್ರಿ ಅಕ್ಕಾರ. ಭೂಮಿದೂ ಬಾಯಿನ ಅಲ್ಲೇನ್ರಿ?"

ಮೈ ಉರಿಯಿತು. ಆದರೆ ಆಕೆ ಕೊಟ್ಟ ಎಲೆ ಆಗಲೇ ನನ್ನ ಬಾಯಲ್ಲಿತ್ತು.

ರಾಣೆಬೆನ್ನೂರಿನಲ್ಲಿ ಔಷಧಿ ತೆಗೆದುಕೊಳ್ಳಲು ಬಂದಿದ್ದ ತಮ್ಮ ನನ್ನನ್ನು ಅಲ್ಲೇ ಇಳಿಸಿಕೊಂಡ. ಪೇಟೆಯಲ್ಲಿ ಬಿತ್ತನೆ ಬೀಜದ ಅಂಗಡಿಗಳ ಮುಂದೆ ಸಾಲುಸಾಲು ಚಕ್ಕಡಿಗಳು. ಒಂದು ಖಾನಾವಳಿಗೆ ಹೊಕ್ಕೆವು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರೊಟ್ಟಿಗೆ ಲೆಕ್ಕವಿಲ್ಲ, ಸಾಕು ಅನ್ನುವವರೆಗೆ ಹಾಕುತ್ತಲೇ ಇದ್ದರು. ನಾನು ರಾಗಿ ಮುದ್ದೆಯವಳು, ರೊಟ್ಟಿ ಗಂಟಲಿಗೆ ಇಳಿಯುವುದಿಲ್ಲ ಅಂದುಕೊಂಡಿದ್ದೆ. ಇಳಿಯಿತು, ಚೆನ್ನಾಗಿಯೇ ಇಳಿಯಿತು. ಅಲ್ಲಿಂದ ಹೆದ್ದಾರಿಯ ಲಾರಿಗಳ ಹಿಂದೆ ತೆವಳುತ್ತ ಬಸ್ಸು ಹಾವೇರಿ ಮುಟ್ಟಿದಾಗ ತುಂತುರು ಮಳೆ ಶುರುವಾಗಿತ್ತು. ಆ ಸಂಜೆ ನಾದಿನಿಯ ಕೈಯಡುಗೆ ಉಂಡು, ನಂಜೇಗೌಡನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಹಗುರಾದೆ.

ಮರುದಿನ ತಮ್ಮನ ಜೊತೆ ಬ್ಯಾಡಗಿಗೆ ಹೋದೆ. ಮನೆಗೆ ಮೆಣಸಿನಕಾಯಿ ಕೊಳ್ಳುವುದು ನನ್ನ ಉದ್ದೇಶ. ಸುಗ್ಗಿಯ ಕಾಲ ಮುಗಿದಿದ್ದರೂ ಮಾರುಕಟ್ಟೆಯ ಗಾಳಿಯಲ್ಲಿ ಘಾಟು ಉಳಿದಿತ್ತು. ಬಾಗಿಲಲ್ಲೇ ಶುರುವಾದ ಸೀನು ಹೊರಗೆ ಬರುವವರೆಗೆ ನಿಲ್ಲಲಿಲ್ಲ. ಹಮಾಲರು ನನ್ನ ಕಡೆ ನೋಡಿ ನಗುತ್ತಿದ್ದರು, ಅವರಲ್ಲಿ ಒಬ್ಬನೂ ಸೀನುತ್ತಿರಲಿಲ್ಲ. ಸುಕ್ಕುಸುಕ್ಕಾದ ಉದ್ದನೆಯ ಕಾಯಿ, ಕುಂಕುಮ ಕಲೆಸಿದ ಹಾಗೆ ಬಣ್ಣ. ಒಂದನ್ನು ಮುರಿದು ನಾಲಿಗೆಗೆ ಮುಟ್ಟಿಸಿ ನೋಡಿದೆ. ಅಷ್ಟು ಹೆದರಿಸುವ ಬಣ್ಣಕ್ಕೆ ಖಾರ ಎಷ್ಟೋ ಕಡಿಮೆ.

ಅಂಗಡಿಯವರೆಲ್ಲರ ಬಾಯಲ್ಲೂ ಒಂದೇ ಮಾತು. ಆ ವರ್ಷ ಕಾಯಿಗೆ ಯಾರೂ ಕಾಣದ ರೇಟು ಬಂದಿತ್ತಂತೆ. ಹಾಗಾಗಿ ಈಗ ಸುತ್ತಲ ಹಳ್ಳಿಗಳಲ್ಲಿ ಜೋಳ ಬಿತ್ತಬೇಕಾದವರೂ ಮೆಣಸಿನಕಾಯಿ ಹಚ್ಚಲು ನಿಂತಿದ್ದಾರೆ, ಅಗಿ ಎಲ್ಲೂ ಸಿಗುತ್ತಿಲ್ಲ ಎಂದರು. ಅಗಿ ಅಂದರೆ ಮಡಿಯಲ್ಲಿ ಬೆಳೆಸಿ ಕಿತ್ತು ನೆಡುವ ಎಳೆಯ ಸಸಿ. ಅದನ್ನು ಕೇಳಿದ ತಮ್ಮನ ಮುಖ ಸಪ್ಪಗಾಯಿತು. ಯಾಕೋ ಎಂದೆ. ಬಸ್ಸಿನಲ್ಲಿ ಹೇಳುತ್ತೇನೆ ಎಂದ.

ಕಾಗಿನೆಲೆಯ ಬಸ್ಸಿಗೆ ಎರಡು ರೂಪಾಯಿ ಟಿಕೇಟು. ನಡುವೆ ಒಂದು ಸಣ್ಣ ಊರಿನಲ್ಲಿ ಇಳಿಯಬೇಕಿತ್ತು. ಅಲ್ಲಿ ಶೇಖಪ್ಪ ಎಂಬವರ ಹೊಸ ಎತ್ತಿನ ಕಾಲು ನೋಡುವ ಕೆಲಸ ತಮ್ಮನಿಗೆ. ನಾನೂ ಬರುವ ಸುದ್ದಿ ತಿಳಿದು, ಒಂದು ರಾತ್ರಿ ವಸ್ತಿ ಇದ್ದೇ ಹೋಗಬೇಕೆಂದು ಶೇಖಪ್ಪನವರ ಹೆಂಡತಿ ನೀಲವ್ವ ಹೇಳಿ ಕಳಿಸಿದ್ದರಂತೆ. ದಾರಿಯಲ್ಲಿ ತಮ್ಮ ಹೇಳಿದ ಕಥೆ ಇದು.

ಶೇಖಪ್ಪನವರ ಹೊಲಕ್ಕೆ ಹೊಂದಿ ಮೌಲಾಸಾಬರ ಹೊಲ. ನಡುವೆ ಒಂದು ಬದು, ಬದುವಿನ ಮೇಲೆ ಒಂದು ಬೇವಿನ ಮರ. ಇವರ ಅಪ್ಪಂದಿರ ಕಾಲದಿಂದ ಎರಡೂ ಮನೆಗಳ ನಡುವೆ ಒಂದು ಪಾಳಿ ನಡೆದು ಬಂದಿದೆ. ಒಬ್ಬರು ಮೆಣಸಿನಕಾಯಿ ಹಚ್ಚಿದ ವರ್ಷ ಇನ್ನೊಬ್ಬರು ಜೋಳ ಬಿತ್ತಬೇಕು, ಮರುವರ್ಷ ಅದಲುಬದಲು. ಮೆಣಸಿನಕಾಯಿಯವರು ಮಾರಿ ಬಂದ ಮೇಲೆ ನಾಲ್ಕು ಚೀಲಕ್ಕೆ ಒಂದು ಚೀಲದ ಹಣ ಜೋಳದ ಮನೆಗೆ. ಜೋಳದವರು ಇನ್ನೊಂದು ಮನೆಗೆ ವರ್ಷದ ರೊಟ್ಟಿಗಾಗುವಷ್ಟು ಜೋಳ, ಎತ್ತುಗಳಿಗೆ ಅರ್ಧ ಬಣವೆ ಕಣಿಕೆ, ಅಂದರೆ ಜೋಳದ ಒಣ ದಂಟು, ಕೊಡಬೇಕು. ಕಾಯಿಗೆ ರೇಟು ಬಂದ ವರ್ಷ ಎರಡೂ ಮನೆಗೆ ಕಾಸು, ರೇಟು ಬಿದ್ದ ವರ್ಷ ಎರಡೂ ಮನೆಗೆ ರೊಟ್ಟಿ. ಕಾಗದವಿಲ್ಲ, ಸಾಕ್ಷಿಯಿಲ್ಲ.

ಇದರಲ್ಲಿ ಬೀಜದ ಪದ್ಧತಿ ಇನ್ನೂ ಚೆಂದ. ಈ ವರ್ಷ ಏನು ಬೆಳೆದಿರೋ ಅದರ ಬೀಜ ನಿಮ್ಮ ಮನೆಯಲ್ಲಿ ಉಳಿಯುತ್ತದೆ, ಆದರೆ ಮುಂದಿನ ವರ್ಷ ಅದು ಬೇಕಾಗುವುದು ನೆರೆಯವರಿಗೆ. ಹಾಗಾಗಿ ಹಿಂದಿನ ವರ್ಷ ಮೆಣಸಿನಕಾಯಿ ಬೆಳೆದವರೇ ಹಿತ್ತಲಲ್ಲಿ ಮಡಿ ಮಾಡಿ ಅಗಿ ಬೆಳೆಸಿ ಕೊಡುತ್ತಾರೆ. ಜೋಳ ಬೆಳೆದವರು ಬೂದಿ ಕಲೆಸಿ ಬೀಜ ಇಟ್ಟಿರುತ್ತಾರೆ. ಜೋಳದ ಪಾಳಿಯವರು ಕಾರಹುಣ್ಣಿಮೆಯ ದಿನ, ಎತ್ತುಗಳಿಗೆ ಪೂಜೆ ಮಾಡಿದ ಮೇಲೆ, ಹೋಗಿ ಬೀಜ ಕೇಳಬೇಕು. ಕೇಳಿದರೆಂದರೆ ಪಾಳಿ ನಡೆಯಿತು ಎಂದರ್ಥ. ಕೇಳುವವರು ತಾವಾಗಿ ಬರಬೇಕೇ ಹೊರತು, ಬರುತ್ತೀಯಾ ಇಲ್ಲವಾ ಎಂದು ಇನ್ನೊಬ್ಬರು ವಿಚಾರಿಸುವ ಹಾಗಿಲ್ಲ. ಹಾಗೆ ವಿಚಾರಿಸಿದರೆ ನಂಬಿಕೆ ಇಲ್ಲ ಎಂದು ಮುಖಕ್ಕೆ ಹೇಳಿದಂತೆ.

ಈ ಸಲ ಜೋಳದ ಪಾಳಿ ಶೇಖಪ್ಪನವರದು. ಕಾರಹುಣ್ಣಿಮೆ ಕಳೆದು ವಾರವಾಗಿತ್ತು, ಶೇಖಪ್ಪ ಬೀಜ ಕೇಳಲು ಹೋಗಿರಲಿಲ್ಲ. ಅವರ ಹಿತ್ತಲಲ್ಲಿ ಅಗಿ ಮಾತ್ರ ಬೆಳೆದು ನಿಂತಿತ್ತು, ಒಂದೇ ಹೊಲಕ್ಕೆ ಆಗುವಷ್ಟು. ಮೌಲಾಸಾಬರು ತಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿಸಿ, ಹರಗಿ, ಅಗಿಗಾಗಿ ಕಾದು ಕೂತಿದ್ದರು. ಹೊರಗೆ ಹುಡುಕಿದರೆ ಅಗಿ ಇಲ್ಲ.

"ಅಕ್ಕ, ನೀನು ಮಾತ್ರ ಅಲ್ಲಿ ಏನೂ ಕೇಳಬೇಡ" ಎಂದು ತಮ್ಮ ಕೈಮುಗಿದ. ಕೇಳುವುದಿಲ್ಲ ಎಂದೆ.

ಶೇಖಪ್ಪನವರು ಎತ್ತರದ ಆಳು, ಮಾತು ಕಡಿಮೆ. ನೀಲವ್ವ ಗಿಡ್ಡಗೆ ಗಟ್ಟಿಮುಟ್ಟಾಗಿದ್ದರು. ನನ್ನ ಕೈಯ ಬೆಲ್ಲದ ಗಂಟು ಇಸಿದುಕೊಂಡು, ಬರ್ರಿ ಅಕ್ಕಾರ, ಕುಂದ್ರಿ ಎಂದು ಕಂಬಳಿ ಹಾಸಿದರು. ನೀರು ಕೊಟ್ಟರು, ಚಹಾ ಕೊಟ್ಟರು, ನನ್ನ ಕುಲಗೋತ್ರ ಕೇಳಿದರು. ಗಂಡನೊಡನೆ ಮಾತ್ರ ಒಂದು ಮಾತಿಲ್ಲ. ಅವರಿಗೆ ಚಹಾದ ಬಟ್ಟಲನ್ನು ನೆಲದ ಮೇಲೆ ಇಟ್ಟು ಹೊರಟುಹೋದರು. ಹಬ್ಬದಿಂದ ಈಚೆಗೆ ಹೀಗೇ ಎಂದು ತಮ್ಮ ಕಣ್ಣಲ್ಲೇ ಹೇಳಿದ.

ತಮ್ಮ ಎತ್ತು ನೋಡುತ್ತಿದ್ದಾಗ ನೀಲವ್ವ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಬೇವಿನ ಮರದ ಕೆಳಗೆ ನಿಂತು ಎರಡೂ ಕಡೆ ಕೈ ಮಾಡಿ ತೋರಿಸುತ್ತ ಅವರು ಹೇಳಿದ್ದನ್ನು ಕೇಳುತ್ತ ನಾನು ನಿಜಕ್ಕೂ ಬೆರಗಾದೆ. ಮೆಣಸಿನಕಾಯಿಗೆ ಗೊಬ್ಬರ ಬಹಳ ಬೇಕು, ಆದರೆ ಹಾಕಿದ್ದನ್ನೆಲ್ಲ ಅದು ತಿಂದು ಮುಗಿಸುವುದಿಲ್ಲ. ಉಳಿದದ್ದರಲ್ಲೇ ಮರುವರ್ಷ ಜೋಳ ಬರುತ್ತದೆ, ಅದಕ್ಕೆ ಬೇರೆ ಗೊಬ್ಬರದ ಖರ್ಚಿಲ್ಲ. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅದರ ಎಲೆ ಉದುರಿ ನೆಲಕ್ಕೆ ಸೇರುತ್ತದೆ. ಮೆಣಸಿನಕಾಯಿಯ ಮೇಲೆ ಮೆಣಸಿನಕಾಯಿ ಹಚ್ಚಿದರೆ ಮುದುಡು ರೋಗ, ಬೇರು ಕೊಳೆ, ಔಷಧಿ ಹೊಡೆದೇ ಸಾಯಬೇಕು. ಕೂಲಿಯ ಲೆಕ್ಕವೂ ಹಾಗೆಯೇ. ಜೋಳ ಕೊಯ್ಯುವಾಗ ಮೆಣಸಿನಕಾಯಿ ಹೊಲದವರಿಗೆ ಬಿಡುವು, ಕಾಯಿ ಬಿಡಿಸುವಾಗ ಜೋಳದವರಿಗೆ ಬಿಡುವು. ಮುಯ್ಯಿಗೆ ಮುಯ್ಯಿ, ಎರಡು ಮನೆಯ ಮಂದಿಯೇ ಎರಡೂ ಹೊಲ ಮುಗಿಸುತ್ತಾರೆ.

ನನಗೆ ನಮ್ಮ ನಾಲೆಯ ತೂಬು ನೆನಪಾಯಿತು. ನಾವೂ ನಂಜೇಗೌಡನೂ ಒಂದೇ ದಿನ ಒಂದೇ ನೀರಿಗೆ, ಒಂದೇ ಆಳಿಗೆ ಜುಟ್ಟು ಹಿಡಿದುಕೊಳ್ಳುವುದು ಅವನ ಬುದ್ಧಿ ಕೆಟ್ಟಿದ್ದಕ್ಕೆ ಎಂದುಕೊಂಡಿದ್ದೆ. ಅವನ ಬುದ್ಧಿ ಕೆಟ್ಟಿರುವುದೂ ನಿಜ, ಅದು ಬೇರೆ ಮಾತು.

ಹಿತ್ತಲಿನ ಮಡಿಯ ಹತ್ತಿರ ಬಂದಾಗ ನೀಲವ್ವ ಬಗ್ಗಿ ಒಂದು ಅಗಿಯ ಎಲೆ ಸವರಿದರು. ಹದ ಮೀರುತ್ತಿತ್ತು. ಇನ್ನೆರಡು ದಿನ ಬಿಟ್ಟರೆ ನೆಟ್ಟರೂ ಹಿಡಿಯುವುದಿಲ್ಲ ಎಂದರು. ಮೌಲಾಸಾಬರ ಹೆಂಡತಿ ಖಾತೂನಬಿ ದಿನಾ ಬಾವಿಯ ಹತ್ತಿರ ಸಿಗುತ್ತಾಳೆ, ಅಗಿಯ ಮಾತು ಎತ್ತುವುದಿಲ್ಲ, ಸೊಸಿ ಹೆಂಗದಾಳ, ಎಮ್ಮಿ ಹೆಂಗೈತಿ ಅಂತ ಕೇಳಿ ಹೋಗುತ್ತಾಳೆ, ಅಕಿ ಬೈದಿದ್ದರೆ ಚೆನ್ನಾಗಿತ್ತು ಎಂದರು ನೀಲವ್ವ.

ರಾತ್ರಿ ಊಟಕ್ಕೆ ಕೂತಾಗ ತಮ್ಮನಿಗೆ ಕೊಟ್ಟ ಮಾತು ನನಗೆ ನೆನಪಿತ್ತು. ಆದರೆ ನನ್ನ ನಾಲಿಗೆಗೆ ಮೂಳೆ ಇಲ್ಲ, ಅದು ನಮ್ಮೂರಿಗೆಲ್ಲ ಗೊತ್ತು. ಯಾಕೆ ಶೇಖಪ್ಪನವರೇ, ಜೋಳ ಬಿತ್ತುವುದಿಲ್ಲವಾ ಎಂದು ಕೇಳಿಯೇ ಬಿಟ್ಟೆ. ತಮ್ಮ ನನ್ನ ಕಾಲು ತುಳಿದ. ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶೇಖಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಇಂಥಾ ರೇಟು ಮತ್ತ ಯಾವಾಗ ಬರ್ತೈತ್ರಿ ಅಕ್ಕಾರ? ಹೋದ ವರ್ಷ ಬಂದಿದ್ದು ಎತ್ತಿಗೆ ಹೋತು. ಮ್ಯಾಲ ನೋಡ್ರಿ."

ತಲೆಯೆತ್ತಿ ನೋಡಿದೆ. ಮಣ್ಣಿನ ಮಾಳಿಗೆ, ಮೂರು ಕಡೆ ಸೋರಿದ ಕಲೆ, ಕೆಳಗೆ ಮೂರು ಪಾತ್ರೆ. ಒಂದು ವರ್ಷ, ಒಂದೇ ಒಂದು ವರ್ಷ ಪಾಳಿ ತಪ್ಪಿಸಿದರೆ ಹಂಚು ಹೊದಿಸಬಹುದು ಎಂಬ ಆಸೆ. ಮೌಲಾಸಾಬರ ಮುಖ ನೋಡಲಾರದೆ ಹಬ್ಬದ ದಿನ ತಲೆನೋವೆಂದು ಮುಸುಕು ಹಾಕಿ ಮಲಗಿದ್ದರಂತೆ. ಅವರು ಕೆಟ್ಟವರಲ್ಲ, ಅದು ಅವರ ಕಣ್ಣಲ್ಲೇ ಕಾಣುತ್ತಿತ್ತು.

ಆರಿದ್ರಾ ಮಳೆ ಬೆಳಗಿನ ಜಾವದವರೆಗೂ ಚೆನ್ನಾಗಿ ಹೊಡೆಯಿತು. ಬೆಳಿಗ್ಗೆ ಎದ್ದು ನೋಡಿದರೆ ನೆಡುವುದಕ್ಕೂ ಬಿತ್ತುವುದಕ್ಕೂ ಹೇಳಿ ಮಾಡಿಸಿದ ಹದ. ಶೇಖಪ್ಪ ಹಿತ್ತಲಲ್ಲಿ ಅಗಿ ಕಿತ್ತು ಬುಟ್ಟಿಗಳಲ್ಲಿ ಜೋಡಿಸುತ್ತಿದ್ದರು. ಯಾವ ಹೊಲಕ್ಕೆ ಎಂಬುದು ನಮಗಾರಿಗೂ ತಿಳಿಯದು. ಬುಟ್ಟಿಗಳನ್ನು ಅಂಗಳಕ್ಕೆ ತಂದಿಟ್ಟು ಕಟ್ಟೆಯ ಮೇಲೆ ಕೂತರು.

ಆಗ ಬೀದಿಯ ತಿರುವಿನಿಂದ ಹೆಗಲ ಮೇಲೆ ಚೀಲ ಹೊತ್ತು ಒಬ್ಬರು ಬಂದರು. ಬಿಳಿ ಗಡ್ಡ, ತಲೆಗೆ ಸುತ್ತಿದ ಮಾಸಿದ ಪಟಗ, ಕೆಸರಾದ ಕಾಲು. ಅವರೇ ಮೌಲಾಸಾಬ. ಚೀಲವನ್ನು ಅಂಗಳದಲ್ಲಿ ಇಳಿಸಿದಾಗ ಬೂದಿ ಹಾರಿತು. ಜೋಳದ ಬೀಜ. ಶೇಖಪ್ಪ ಎದ್ದು ನಿಂತರು. ಮೌಲಾಸಾಬರೇ ಮಾತಾಡಿದರು, ದನಿಯಲ್ಲಿ ಸಿಟ್ಟು ಇರಲಿಲ್ಲ.

"ನೀ ಬರಲಿಲ್ಲ, ನಾನ ಬಂದೇನಿ. ನೋಡಪಾ ಶೇಖಪ್ಪ, ನಿನಗ ಮೆಣಸಿನಕಾಯಿ ಬೇಕಂದ್ರ ಹಚ್ಚು. ಬೀಜ ನಾ ಹೊಳ್ಳಿ ಒಯ್ತೇನಿ, ನನ್ನ ಹೊಲಕ್ಕ ನಾನ ಬಿತ್ತತೇನಿ. ಇಬ್ಬರಾಗ ಒಬ್ಬರರ ಜ್ವಾಳ ಬಿತ್ತಬೇಕಲ್ಲ. ಮಕ್ಕಳಿಗೆ ರೊಟ್ಟಿ, ಎತ್ತಿಗೆ ಕಣಿಕಿ ಎಲ್ಲಿಂದ ತರೂದು?"

ಅಷ್ಟೇ ಹೇಳಿ ಚೀಲದ ಮೇಲೆ ಕೈಯಿಟ್ಟು ನಿಂತರು. ಹೋದ ವರ್ಷ ಜೋಳ ಬೆಳೆದವರು, ಈ ವರ್ಷ ಕುರಿಯ ಗೊಬ್ಬರಕ್ಕೆ ಕೈಯಿಂದ ಖರ್ಚು ಮಾಡಿದವರು, ರೇಟು ಆಕಾಶಕ್ಕೇರಿದ ಕಾಲದಲ್ಲಿ ತಮ್ಮ ಪಾಳಿಯನ್ನೇ ಬಿಟ್ಟುಕೊಡಲು ಬಂದಿದ್ದರು. ಜಗಳಕ್ಕೆ ಬಂದಿರಬೇಕು ಅಂದುಕೊಂಡಿದ್ದೆ ನಾನು. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ, ಇಡೀ ಬೀದಿ ಸೇರಿಸಿ ಮಾಡುತ್ತಿದ್ದೆ.

ಶೇಖಪ್ಪ ಬುಟ್ಟಿಗಳನ್ನು ನೋಡಿದರು, ಚೀಲವನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ನೀಲವ್ವ ಸೆರಗು ಬಿಗಿದುಕೊಂಡು ಬಂದು ಒಂದು ಬುಟ್ಟಿಗೆ ಕೈ ಹಾಕಿದರು. ಹಬ್ಬದಿಂದೀಚೆಗೆ ಗಂಡನಿಗೆ ಆಡಿದ ಮೊದಲ ಮಾತು ಅದು.

"ಅಗಿ ಬಾಡಾಕತ್ತಾವ. ಏಳ್ರಿ, ಅಣ್ಣಾರ ಹೊಲಕ್ಕ ಹೋಗೂನು."

ಶೇಖಪ್ಪ ಜೋಳದ ಚೀಲವನ್ನು ಒಳಗೆ ಪಡಸಾಲೆಯಲ್ಲಿ, ಸೋರದ ಮೂಲೆ ನೋಡಿ ಇಟ್ಟು ಬಂದು, ಬುಟ್ಟಿ ಎತ್ತಿ ತಾವೇ ತಲೆಯ ಮೇಲಿಟ್ಟುಕೊಂಡರು. ಮೌಲಾಸಾಬರು ಪಟಗ ಬಿಚ್ಚಿ ಮುಖ ಒರೆಸಿಕೊಂಡರು. ಬೆವರೋ ಏನೋ, ನಾನು ಕೇಳಲಿಲ್ಲ. ಕೇಳದೆ ಉಳಿದದ್ದು ಆ ಪ್ರವಾಸದಲ್ಲಿ ಅದೊಂದೇ.

ಅಂದು ಮಧ್ಯಾಹ್ನದವರೆಗೆ ಎರಡೂ ಮನೆಯವರು ಮೌಲಾಸಾಬರ ಹೊಲದಲ್ಲಿ ಅಗಿ ಹಚ್ಚಿದರು. ನಾನೂ ಸೀರೆ ಎತ್ತಿ ಕಟ್ಟಿ ಸಾಲಿಗಿಳಿದೆ. ನೆಟ್ಟಿದ್ದು ವಾರೆಯಾಯಿತೆಂದು ಖಾತೂನಬಿ ಮತ್ತೆ ಕಿತ್ತು ನೆಟ್ಟರು. ನಿಮ್ಮ ಕಬ್ಬಿನ ಹಂಗಲ್ಲರಿ ಇದು, ಎಂದು ಒಂದು ಮಾತು ಅಂದರು, ಅನ್ನಿಸಿಕೊಂಡೆ. ಊಟ ಹೊಲದಲ್ಲೇ. ಬೇವಿನ ಮರದ ಕೆಳಗೆ ಶೇಖಪ್ಪನವರು ಮೌಲಾಸಾಬರ ಪಕ್ಕ ಕೂತರು. ಸಂಜೆಯ ಹೊತ್ತಿಗೆ ಬದುವಿನ ಈಚೆ ಕೂರಿಗೆ ಹೂಡಿ ಜೋಳ ಬಿತ್ತಲು ಶುರು ಮಾಡಿದರು. ಹಿಂದಿನಿಂದ ಬೀಜ ಬಿಡುತ್ತ ನಡೆದವರು ಮೌಲಾಸಾಬರೇ. ಎರಡೂ ಹೊಲ ಒಂದೇ ದಿನ ಹೊಸದಾದದ್ದನ್ನು ನೋಡಿ ನನಗೆ ಆದ ಸಂತೋಷ ನಮ್ಮ ಗದ್ದೆಯ ಕಬ್ಬು ಲಾರಿ ಹತ್ತಿದಾಗಲೂ ಆಗಿರಲಿಲ್ಲ.

ಮಾಳಿಗೆಗೆ ಹಂಚು ಯಾವಾಗ ಬಂತು, ಆ ವರ್ಷ ಕಾಯಿ ಎಷ್ಟಕ್ಕೆ ಹೋಯಿತು ಎಂದು ಓದುಗರು ಕೇಳಬಹುದು. ಸುಗ್ಗಿಯ ಹೊತ್ತಿಗೆ ತಮ್ಮನಿಗೆ ಬೇರೆ ಕಡೆ ವರ್ಗವಾಯಿತು, ನನಗೆ ತಿಳಿಯದು. ಅಂದು ಅವರಿಗೂ ತಿಳಿದಿರಲಿಲ್ಲ. ತಿಳಿಯದೆಯೇ ಮಾಡಿದರು, ಅದಕ್ಕೇ ನನಗೆ ಅವರ ಮೇಲೆ ಅಷ್ಟು ಗೌರವ.

ಮರುದಿನ ಬ್ಯಾಡಗಿ ಸ್ಟೇಷನ್ನಿಗೆ ಶೇಖಪ್ಪನವರೇ ಬಂದು ರೈಲು ಹತ್ತಿಸಿದರು. ನೀಲವ್ವ ಬಟ್ಟೆಯಲ್ಲಿ ಕಟ್ಟಿಕೊಟ್ಟ ಗಂಟಿನಲ್ಲಿ ಒಣಗಿ ಗರಿಗರಿಯಾದ ಕಟಕ ರೊಟ್ಟಿ, ಅದರ ಮೇಲೆ ಕೆಂಪು ಚಟ್ನಿ. ರಾಣೆಬೆನ್ನೂರು ದಾಟಿದ ಮೇಲೆ ಬಿಚ್ಚಿದೆ. ಮುರಿಯುವಾಗ ಹೊಳೆಯಿತು: ರೊಟ್ಟಿ ಹೋದ ವರ್ಷದ ಮೌಲಾಸಾಬರ ಹೊಲದ್ದು, ಚಟ್ನಿ ಶೇಖಪ್ಪನವರ ಹೊಲದ್ದು. ಮುಂದಿನ ವರ್ಷ ಬಂದರೆ ರೊಟ್ಟಿ ಇವರದು, ಚಟ್ನಿ ಅವರದು. ಕಿಟಕಿಯಾಚೆ ಹೊಲಗಳು ಹಿಂದೆ ಸರಿಯುತ್ತಿದ್ದವು, ಕಪ್ಪು, ಹಸಿರು, ಮತ್ತೆ ಕಪ್ಪು.

ಎರಡು ರೊಟ್ಟಿ ತಿನ್ನದೆ ಉಳಿಸಿದೆ. ಒಂದು ನಮ್ಮ ಯಜಮಾನರಿಗೆ. ಇನ್ನೊಂದು ಯಾರಿಗೆ ಎಂದು ಕಟ್ಟಿಡುವಾಗಲೇ ನನಗೆ ಗೊತ್ತಿತ್ತು, ಒಪ್ಪಿಕೊಳ್ಳಲು ಮಾತ್ರ ತುಂಗಭದ್ರೆಯ ಸೇತುವೆ ದಾಟಬೇಕಾಯಿತು. ಈ ಸಲ ನಮ್ಮ ಗದ್ದೆಯಲ್ಲಿ ಕೂಳೆ ಬಿಡುವುದಿಲ್ಲ, ಅಗೆದು ರಾಗಿ ಹಾಕುತ್ತೇವೆ, ಕಬ್ಬಿನ ಪಾಳಿ ನಿನ್ನದು, ನೀರು ಬಿಟ್ಟುಕೋ ಎಂದು ಹೇಳಲು ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಚಟ್ನಿಯ ಬಣ್ಣ ನೋಡಿ ನಂಜೇಗೌಡ ಮೊದಲು ಹೆದರುತ್ತಾನೆ, ನನ್ನನ್ನು ನೋಡಿ ಹೆದರುವ ಹಾಗೆ. ತಿಂದರೆ ಅವನಿಗೇ ಗೊತ್ತಾಗುತ್ತದೆ, ಬಣ್ಣ ಇದ್ದಷ್ಟು ಖಾರ ಇಲ್ಲ.